ಪದಚರ್ಚೆ: ಸರ್ಕ್ಯುಲರ್ ಪೋಲರೈಸರ್‌ಗೆ ‘ವೃತ್ತಾಕಾರ’ ಹೊಂದುತ್ತದೆಯೇ?

ಗೆಳೆಯರೇ,

ಹೊಸದಾಗಿ ಕ್ಯಾಮೆರಾ ಕೊಂಡವರಿಗೆ ಯಾವ ಫಿಲ್ಟರ್ ಬೇಕು, ಯಾವುದು ಬೇಡ ಅಂತ ಕನ್ನಡದಲ್ಲಿ ಒಂದು ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. ‘ಫಿಲ್ಟರ್’ ಹಾಗೇ ಇರಲಿ ಅಂದುಕೊಂಡಿದ್ದೇನೆ. ‘ಶೋಧಕ’ ಅಂದರೆ ಯಾರೋ ಏನನ್ನೋ ಹುಡುಕುತ್ತಿರುವ ಹಾಗೆ ಕೇಳಿಸುತ್ತದೆ. ತೊಡಕು ಇರುವುದು ಅದರ ಹಿಂದೆ ಬರುವ ಪದಗಳಲ್ಲಿ.

ಸಿಪಿಎಲ್, ಅಂದರೆ ಸರ್ಕ್ಯುಲರ್ ಪೋಲರೈಸರ್, ತಗೊಳ್ಳಿ. ‘ವೃತ್ತಾಕಾರದ ಧ್ರುವೀಕಾರಕ’ ಅಂದರೆ ಓದುವವರು ಗುಂಡಗಿನ ಗಾಜು ಅಂದುಕೊಳ್ಳುತ್ತಾರೆ. ಲೆನ್ಸಿಗೆ ತಿರುಗಿಸಿ ಕೂರಿಸುವ ಫಿಲ್ಟರೆಲ್ಲ ಗುಂಡಗೇ ಇರುತ್ತದೆ, ಅಲ್ವಾ? ಇಲ್ಲಿ ಸರ್ಕ್ಯುಲರ್ ಅನ್ನುವುದು ಗಾಜಿಗಲ್ಲ, ಬೆಳಕಿಗೆ. ಮುಂದಿನ ಪದರ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಒಳಗೆ ಬಿಡುತ್ತದೆ. ಹಿಂದಿನ ಪದರ ಆ ಕಂಪನದ ದಿಕ್ಕು ಸುತ್ತುತ್ತಾ ಸಾಗುವಂತೆ ಮಾಡುತ್ತದೆ. ಹೀಗೆ ಮಾಡದಿದ್ದರೆ ಎಸ್‌ಎಲ್‌ಆರ್ ಕ್ಯಾಮೆರಾದ ಅರೆಪಾರದರ್ಶಕ ಕನ್ನಡಿಯಿಂದ ಬೆಳಕಿನ ಅಳತೆಯೂ ಆಟೋಫೋಕಸ್ಸೂ ತಪ್ಪಬಹುದು.

ಕೊಳ್ಳುವವರಿಗೆ ಇದೆಲ್ಲ ಬೇಕಿಲ್ಲ. ಮಳೆ ನಿಂತ ಮೇಲೆ ಮಲೆನಾಡಿನ ಒದ್ದೆ ಎಲೆಗಳ ಮೇಲೆ ಬಿಳಿ ಹೊಳಪು ಕೂತಿರುತ್ತದೆ. ಫಿಲ್ಟರಿನ ಉಂಗುರವನ್ನು ನಿಧಾನವಾಗಿ ತಿರುಗಿಸಿದರೆ ಒಂದು ಹಂತದಲ್ಲಿ ಆ ಹೊಳಪು ಅಳಿದು ಹಸಿರು ಎದ್ದು ಬರುತ್ತದೆ. ಕೆರೆಯ ದಡದಲ್ಲಾದರೆ ನೀರಿನಡಿಯ ಕಲ್ಲು ಕಾಣುತ್ತದೆ. ಲೋಹದ ಹೊಳಪು ಮಾತ್ರ ಇದಕ್ಕೆ ಬಗ್ಗುವುದಿಲ್ಲ. ಆಮೇಲೆ ಕಂಪ್ಯೂಟರಿನಲ್ಲಿ ಸರಿಯಾಗಿ ಮಾಡಲಾಗದ ಕೆಲಸ ಇದು. ಅದಕ್ಕೇ ಮೊದಲು ಇದನ್ನೇ ಕೊಳ್ಳಿ ಅನ್ನುತ್ತೇನೆ. ‘ಹೊಳಪು ಕಳೆಯುವ ಫಿಲ್ಟರ್’ ಅಂದರೆ ಸಾಲದೇ? ‘ಧ್ರುವೀಕರಣ’ ಅಂದ ತಕ್ಷಣ ಈಗ ಚುನಾವಣೆಯ ಸುದ್ದಿ ನೆನಪಾಗುತ್ತದೆ!

ಎನ್‌ಡಿ (ನ್ಯೂಟ್ರಲ್ ಡೆನ್ಸಿಟಿ) ಫಿಲ್ಟರಿಗೆ ‘ತಟಸ್ಥ ಸಾಂದ್ರತೆ’ ಅಂತ ಬರೆದರೆ ಇನ್ನೂ ಕಷ್ಟ. ತಟಸ್ಥ ಅಂದರೆ ಬಣ್ಣ ಕೆಡಿಸದೆ ಬೆಳಕನ್ನಷ್ಟೇ ತಗ್ಗಿಸುವುದು. ಗೊಂದಲಕ್ಕೆ ಸಂಖ್ಯೆಗಳೂ ಸೇರುತ್ತವೆ. ಒಂದು ಡಬ್ಬಿಯ ಮೇಲೆ ಎನ್‌ಡಿ8, ಇನ್ನೊಂದರ ಮೇಲೆ 0.9. ಎರಡೂ ಒಂದೇ: ಎಂಟರಲ್ಲಿ ಒಂದು ಪಾಲು ಬೆಳಕು, ಅಂದರೆ ಮೂರು ಸ್ಟಾಪ್ (ಒಂದೊಂದು ಸ್ಟಾಪಿಗೂ ಬೆಳಕು ಅರ್ಧ) ಕಡಿಮೆ. ಜೋಗದಲ್ಲಿ ಶಟರ್ 1/30 ಸೆಕೆಂಡ್ ತೆರೆದರೆ ಸಾಕಾಗಿದ್ದ ಕಡೆ ಎನ್‌ಡಿ8 ಹಾಕಿದರೆ 1/4 ಸೆಕೆಂಡ್ ಬೇಕು, ನೀರು ನಯವಾಗತೊಡಗುತ್ತದೆ. ಎನ್‌ಡಿ1000 ಹಾಕಿದರೆ ಅರ್ಧ ನಿಮಿಷ ದಾಟುತ್ತದೆ, ಸ್ಟ್ಯಾಂಡ್ ಇಲ್ಲದೆ ಆಗುವ ಮಾತಲ್ಲ. ಇದಕ್ಕೆ ‘ಮಬ್ಬು ಗಾಜು’ ಅಂತ ಒಬ್ಬರು ಸೂಚಿಸಿದರು. ಚಿತ್ರವೇ ಮಬ್ಬಾಗುತ್ತದೆ ಅನ್ನಿಸುವುದಿಲ್ಲವೇ?

ಯುವಿ, ಅಂದರೆ ಅತಿನೇರಳೆ ಕಿರಣ ತಡೆಯುವ ಫಿಲ್ಟರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಡಿಜಿಟಲ್ ಕ್ಯಾಮೆರಾದ ಸೆನ್ಸರ್ ಮುಂದೆ ಆ ಕೆಲಸದ ಗಾಜು ಮೊದಲೇ ಇರುತ್ತದೆ. ಹೊರಗಿನದು ದೂಳು, ಗೀರು ತಡೆಯುವುದಕ್ಕಷ್ಟೇ. ‘ಕಾಪುಗಾಜು’ ಅನ್ನಬಹುದೇನೋ.

ನನ್ನ ಪ್ರಶ್ನೆ ಇಷ್ಟು. ‘ಸ್ಟಾಪ್’ ಅನ್ನು ಹಾಗೇ ಬಿಟ್ಟು, ‘ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ’ ಅಂತ ಒಮ್ಮೆ ವಿವರಿಸಿದರೆ ಸಾಕೇ? ನೀರಿನ ಮೇಲೆ ಕಣ್ಣು ಕುಕ್ಕುವ ಬೆಳಕಿಗೆ ‘ಹೊಳಪು’ ಸ್ವಲ್ಪ ಸಪ್ಪೆ ಅನ್ನಿಸುತ್ತಿದೆ. ಕರಾವಳಿಯವರು, ಹಳೆಯ ಸ್ಟುಡಿಯೋದವರು ಅದಕ್ಕೆ ಏನನ್ನುತ್ತೀರಿ?