ರೀಚಾರ್ಜ್ ಸೆಲ್ ಹಾಕಿದ ಟಾರ್ಚು 20 ನಿಮಿಷಕ್ಕೆ ಮಂಕಾಗುತ್ತಿದೆ: ತಪ್ಪು ಸೆಲ್ಲಿನದಾ, ಚಾರ್ಜರಿನದಾ?

ಹೊಳಲ್ಕೆರೆ ತೋಟ

ಎಲ್ಲರಿಗೂ ನಮಸ್ಕಾರ. ನಮ್ಮದು ಹೊಳಲ್ಕೆರೆ ಹತ್ತಿರ ಅಡಿಕೆ ತೋಟ. ತ್ರೀ ಫೇಸ್ ಕರೆಂಟು ಎಷ್ಟೋ ಸಲ ರಾತ್ರಿ ಪಾಳಿಯಲ್ಲೇ ಬರುತ್ತದೆ. ಆಗ ಎದ್ದು ಹೋಗಿ ಮೋಟರ್ ಹಾಕಬೇಕು. ದಾರಿಯಲ್ಲಿ ಕೊಳಕುಮಂಡಲದ ಭಯ. ಬೆಳಕಿಲ್ಲದೆ ಒಂದು ಹೆಜ್ಜೆ ಇಡುವ ಹಾಗಿಲ್ಲ.

ಎರಡು ಪೆನ್ಸಿಲ್ ಸೆಲ್ (ಎಎ ಅಳತೆಯದು) ಹಾಕುವ ಸಣ್ಣ ಎಲ್‌ಇಡಿ ಟಾರ್ಚು ಇಟ್ಟುಕೊಂಡಿದ್ದೇನೆ. ನಮ್ಮ ಕಡೆ ಟಾರ್ಚಿಗೇ ಬ್ಯಾಟರಿ ಅನ್ನುತ್ತಾರೆ, ಗೊಂದಲ ಆಗದಿರಲಿ ಅಂತ ಇಲ್ಲಿ ಟಾರ್ಚು ಅಂತಲೇ ಬರೆಯುತ್ತೇನೆ. ತಿಂಗಳಿಗೆ ಮೂರ್ನಾಲ್ಕು ಜೊತೆ ಸೆಲ್ ಎಸೆದು ಸಾಕಾಗಿತ್ತು. ಹಾಗಾಗಿ ಆನ್‌ಲೈನಲ್ಲಿ ನಾಲ್ಕು ರೀಚಾರ್ಜ್ ಸೆಲ್, ಜೊತೆಗೆ ಗೋಡೆಗೆ ಸಿಕ್ಕಿಸುವ ಚಾರ್ಜರ್ ತರಿಸಿದೆ. ಸೆಲ್ ಮೇಲೆ 3800 ಎಂಎಎಚ್ (ಸೆಲ್ ಎಷ್ಟು ಕರೆಂಟು ಹಿಡಿಸುತ್ತದೆ ಅನ್ನುವ ಲೆಕ್ಕ) ಅಂತಿದೆ. ಮೊದಲ ತಿಂಗಳು ಪರವಾಗಿಲ್ಲ ಅನ್ನಿಸಿತು. ಈಗ ರಾತ್ರಿಯೆಲ್ಲ ಚಾರ್ಜಿಗೆ ಹಾಕಿದರೂ 20 ನಿಮಿಷಕ್ಕೆ ಟಾರ್ಚು ಮಂಕಾಗುತ್ತದೆ. ಬೆಳಗ್ಗೆ ತೆಗೆಯುವಾಗ ಸೆಲ್ ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿ ಇರುತ್ತದೆ.

ಸೆಲ್ ಬದಲಾಯಿಸಬೇಕಾ, ಚಾರ್ಜರ್ ಬದಲಾಯಿಸಬೇಕಾ, ಇಲ್ಲ ಟಾರ್ಚೇ ಹೋಗಿದೆಯಾ? ಮನೆಯಲ್ಲಿ ಮಲ್ಟಿಮೀಟರ್ ಇದೆ. ಏನು ಅಳೆದು ನೋಡಲಿ, ಹೇಳಿ.

ಕೋಟೆ ಹಾದಿ

ರೀಚಾರ್ಜ್ ಪೆನ್ಸಿಲ್ ಸೆಲ್ 1.2 ವೋಲ್ಟ್ ಮಾತ್ರ. ಮಾಮೂಲಿ ಸೆಲ್ 1.5. ಅದಕ್ಕೇ ಮಂಕು. 14500 ಅಂತ ಲಿಥಿಯಂ ಸೆಲ್ ಬರುತ್ತೆ, ಅಳತೆ ಪೆನ್ಸಿಲ್ ಸೆಲ್ಲಿನದೇ, 3.7 ವೋಲ್ಟ್. ನಾನು ಚಿತ್ರದುರ್ಗದಲ್ಲಿ ಜೋಗಿಮಟ್ಟಿ ಕಡೆ ನಡೆಯಲು ಹೋಗುವಾಗ ಅದನ್ನೇ ಹಾಕುತ್ತೇನೆ. ಬೆಳಕು ಸಖತ್ತಾಗಿ ಬರುತ್ತೆ. ಅದನ್ನೇ ತರಿಸಿ.

ರಿಪೇರಿ ಮೇಜು, ದಾವಣಗೆರೆ

ಹೊಳಲ್ಕೆರೆಯವರೇ, ದಯವಿಟ್ಟು 14500 ಹಾಕಬೇಡಿ. ನಿಮ್ಮದು ಎರಡು ಸೆಲ್ಲಿನ ಟಾರ್ಚು. 14500 ಪೂರ್ತಿ ಚಾರ್ಜ್ ಆದಾಗ 4.2 ವೋಲ್ಟ್ ಇರುತ್ತದೆ. ಎರಡು ಸೇರಿದರೆ 8.4. ಆ ಟಾರ್ಚು ಮಾಡಿರುವುದು 3 ವೋಲ್ಟಿಗೆ. ಒಳಗಿನ ಡ್ರೈವರ್, ಅಂದರೆ ಎಲ್‌ಇಡಿಗೆ ಹದವಾಗಿ ಕರೆಂಟು ಕೊಡುವ ಸರ್ಕ್ಯೂಟು, ಸುಟ್ಟು ಹೋಗುತ್ತದೆ. ಕೋಟೆ ಹಾದಿಯವರ ಟಾರ್ಚು ಬಹುಶಃ ಒಂದೇ ಸೆಲ್ಲಿನದು, 14500 ಹಾಕಬಹುದು ಅಂತ ಅದರ ಡಬ್ಬಿಯ ಮೇಲೇ ಬರೆದಿರಬೇಕು. ಹಾಗೆ ಬರೆದಿದ್ದರೆ ಮಾತ್ರ ಸರಿ. ಗೂಡಿನಲ್ಲಿ ಕೂರುತ್ತದೆ ಅಂದ ಮಾತ್ರಕ್ಕೆ ಹಾಕಬಹುದು ಅಂತಲ್ಲ.

1.2 ವೋಲ್ಟಿನ ಮಾತು ಅರ್ಧ ಮಾತ್ರ ಸರಿ. ಆಲ್ಕಲೈನ್ ಸೆಲ್ 1.5ರಿಂದ ಶುರುವಾಗಿ ಉರಿದಷ್ಟೂ ಇಳಿಯುತ್ತಾ ಹೋಗುತ್ತದೆ. ಅರ್ಧ ದಾರಿಗೆ ಬರುವಷ್ಟರಲ್ಲಿ ಅದೂ 1.2ರ ಹತ್ತಿರವೇ ಇರುತ್ತದೆ. ನಿಕೆಲ್ ಮೆಟಲ್ ಹೈಡ್ರೈಡ್, ಅಂದರೆ ನಿಮ್ಮ ರೀಚಾರ್ಜ್ ಸೆಲ್, ಕೊನೆಯವರೆಗೂ 1.2ರ ಆಸುಪಾಸಿನಲ್ಲಿ ನಿಂತುಕೊಳ್ಳುತ್ತದೆ. ಈಗಿನ ಎಲ್‌ಇಡಿ ಟಾರ್ಚುಗಳಿಗೆ ಅಷ್ಟು ಸಾಕು. ಮೊದಲ ತಿಂಗಳು ಚೆನ್ನಾಗಿತ್ತು ಅಂತ ನೀವೇ ಹೇಳಿದ್ದೀರಿ. ವೋಲ್ಟೇಜ್ ತೊಂದರೆ ಆಗಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು, ಅಲ್ವಾ?

ನನಗೆ ಅನುಮಾನ ಇರುವುದು ಆ ಬಿಸಿಯ ಮೇಲೆ. ಈ ನಾಲ್ಕು ಕೆಲಸ ಮಾಡಿ ನೋಡಿ.

ಸೆಲ್‌ಗಳ ಮೇಲೆ ಪೆನ್ನಿನಿಂದ 1, 2, 3, 4 ಅಂತ ಬರೆಯಿರಿ. ಚಾರ್ಜ್ ಮಾಡಿ, ಒಂದೆರಡು ಗಂಟೆ ಬಿಟ್ಟು, ಒಂದೊಂದರ ವೋಲ್ಟೇಜ್ ಅಳೆಯಿರಿ. ಆಮೇಲೆ ಟಾರ್ಚಿಗೆ ಹಾಕಿ, ಮಂಕಾದ ಕೂಡಲೇ ತೆಗೆದು ಮತ್ತೆ ಅಳೆಯಿರಿ. ಎರಡನೇ ಸಲದ ಅಳತೆಯೇ ಮುಖ್ಯ.

ಚಾರ್ಜರಿಗೆ ಒಂದೇ ಸೆಲ್ ಹಾಕಿ. ದೀಪ ಹತ್ತುತ್ತದಾ?

ಈಗಷ್ಟೇ ತುಂಬಿದ ಸೆಲ್ ಇರುವ ಚಾರ್ಜರನ್ನು ಪ್ಲಗ್‌ನಿಂದ ತೆಗೆದು ಮತ್ತೆ ಹಾಕಿ. ಸ್ವಲ್ಪ ಹೊತ್ತಿಗೆ ತಾನೇ ನಿಲ್ಲುತ್ತದಾ, ಇಲ್ಲ ಗಂಟೆಗಟ್ಟಲೆ ಓಡುತ್ತದಾ? ಪಕ್ಕದಲ್ಲೇ ಇದ್ದು ನೋಡಿ. ಸೆಲ್ ಬಿಸಿಯಾದರೆ ತೆಗೆದುಬಿಡಿ.

ಕೊನೆಯದು, ಒಂದು ಸೆಲ್ಲನ್ನು ತೂಕ ಮಾಡಿಸಿ. ಪರಿಚಯದ ಅಕ್ಕಸಾಲಿಗರ ಅಂಗಡಿ ಇದ್ದರೆ ಅವರ ತಕ್ಕಡಿ ಸರಿಯಾಗಿ ಹೇಳುತ್ತದೆ.

ಹೊಳಲ್ಕೆರೆ ತೋಟ

ಎರಡು ದಿನ ಕೂತು ಎಲ್ಲ ನೋಡಿದೆ.

ಚಾರ್ಜ್ ಆದ ಮೇಲೆ: ಒಂದನೆಯದು 1.37, ಎರಡನೆಯದು 1.36, ಮೂರನೆಯದು 1.36, ನಾಲ್ಕನೆಯದು 1.24.

3 ಮತ್ತು 4 ಹಾಕಿದಾಗ ಟಾರ್ಚು 18 ನಿಮಿಷಕ್ಕೆ ಮಂಕು. ತೆಗೆದು ಅಳೆದರೆ ಮೂರನೆಯದು 1.23, ನಾಲ್ಕನೆಯದು ಬರೀ 0.4. 1 ಮತ್ತು 2 ಹಾಕಿದಾಗ ಸುಮಾರು ಒಂದು ಗಂಟೆ ಹತ್ತು ನಿಮಿಷ ಉರಿಯಿತು.

ಚಾರ್ಜರಿಗೆ ಒಂದೇ ಸೆಲ್ ಹಾಕಿದರೆ ದೀಪವೇ ಹತ್ತುವುದಿಲ್ಲ. ಎರಡು ಇರಲೇಬೇಕು. ತುಂಬಿದ ಸೆಲ್ ಇಟ್ಟು ಪ್ಲಗ್ ತೆಗೆದು ಹಾಕಿದರೆ ಮತ್ತೆ ಕೆಂಪು ದೀಪ ಬರುತ್ತದೆ. ಒಂದು ಗಂಟೆಯಾದರೂ ನಿಲ್ಲಲಿಲ್ಲ, ಸೆಲ್ ಬಿಸಿಯಾಯಿತು, ತೆಗೆದೆ. ಡಬ್ಬಿಯ ಮೇಲೆ "8 ಗಂಟೆಗೆ ತಾನೇ ನಿಲ್ಲುತ್ತದೆ" ಅಂತಿದೆ.

ತೂಕ 19 ಗ್ರಾಂ.

ರಿಪೇರಿ ಮೇಜು, ದಾವಣಗೆರೆ

ಇಷ್ಟು ಅಚ್ಚುಕಟ್ಟಾಗಿ ಅಳೆದು ಬರೆದಿದ್ದಕ್ಕೆ ಥ್ಯಾಂಕ್ಸ್. ಟಾರ್ಚು ಚೆನ್ನಾಗಿದೆ. ತಪ್ಪು ಮೊದಲು ಚಾರ್ಜರಿನದು, ಆಮೇಲೆ ಸೆಲ್ಲಿನದು.

ನಿಮ್ಮ ಚಾರ್ಜರ್ ನೋಡುವುದು ಗಡಿಯಾರವನ್ನು, ಸೆಲ್ಲನ್ನಲ್ಲ. ಕರೆಂಟು ಬಂದ ಕ್ಷಣದಿಂದ 8 ಗಂಟೆ ಎಣಿಸುತ್ತದೆ, ಅಷ್ಟೇ. ಈಗ ನಿಮ್ಮೂರಿನ ರಾತ್ರಿಯನ್ನು ನೆನೆಸಿಕೊಳ್ಳಿ. ಹತ್ತಕ್ಕೆ ಚಾರ್ಜಿಗೆ ಹಾಕುತ್ತೀರಿ. ಎರಡು ಗಂಟೆಗೆ ಕರೆಂಟು ಹೋಗಿ ಬರುತ್ತದೆ. ಎಣಿಕೆ ಮತ್ತೆ ಸೊನ್ನೆಯಿಂದ ಶುರು. ಐದಕ್ಕೆ ಇನ್ನೊಂದು ಸಲ ಹೋಗಿ ಬಂದರೆ ಮತ್ತೆ 8 ಗಂಟೆ. ಸೆಲ್ ಯಾವತ್ತೋ ತುಂಬಿದೆ, ಒಳಗೆ ಹೋಗುತ್ತಿರುವ ಕರೆಂಟೆಲ್ಲ ಬಿಸಿಯಾಗಿ ಹೊರಗೆ ಬರುತ್ತಿದೆ. ಬೆಳಗ್ಗೆ ಕೈ ಸುಡುವುದು ಅದಕ್ಕೇ. ಪೇಟೆಯಲ್ಲಿ ಕರೆಂಟು ಹೋಗದ ಮನೆಯಲ್ಲಿ ಇದೇ ಚಾರ್ಜರ್ ಇನ್ನಷ್ಟು ದಿನ ನಡೆಯುತ್ತಿತ್ತು. ಹಳ್ಳಿಗೆ ಇದು ಬೇಡವೇ ಬೇಡ.

ಒಳ್ಳೆ ಚಾರ್ಜರ್ ಮಾಡುವುದೇ ಬೇರೆ. ನಿಕೆಲ್ ಸೆಲ್ ತುಂಬುವಾಗ ವೋಲ್ಟೇಜ್ ಏರುತ್ತಾ ಹೋಗಿ, ಪೂರ್ತಿ ತುಂಬಿದ ಮೇಲೆ ಕೂದಲೆಳೆಯಷ್ಟು ಕೆಳಗೆ ಇಳಿಯುತ್ತದೆ. ಕೆಲವೇ ಮಿಲಿವೋಲ್ಟ್. ಆ ಇಳಿತವನ್ನು ಹಿಡಿದು ಚಾರ್ಜರ್ ನಿಲ್ಲಿಸುತ್ತದೆ. ಕರೆಂಟು ಹೋಗಿ ಬಂದರೂ ತೊಂದರೆಯಿಲ್ಲ, ತುಂಬಿದ ಸೆಲ್ಲನ್ನು ಸ್ವಲ್ಪ ಹೊತ್ತಲ್ಲೇ ಗುರುತಿಸಿ ಮತ್ತೆ ನಿಲ್ಲುತ್ತದೆ. ತೀರಾ ನಿಧಾನವಾಗಿ ಚಾರ್ಜ್ ಮಾಡಿದರೆ ಈ ಇಳಿತ ಕಾಣುವುದೇ ಇಲ್ಲ. 2000 ಎಂಎಎಚ್ ಸೆಲ್ಲಿಗೆ ಅರ್ಧದಿಂದ ಒಂದು ಆಂಪಿಯರ್ ಸರಿಯಾದ ವೇಗ. ನಿಧಾನ ಚಾರ್ಜೇ ಸೆಲ್ಲಿಗೆ ಒಳ್ಳೆಯದು ಅನ್ನುವ ಮಾತು ಇಲ್ಲಿ ಪೂರ್ತಿ ನಿಜವಲ್ಲ.

ಎರಡನೇ ತಪ್ಪು, ಜೋಡಿ ಚಾರ್ಜ್. ಎರಡು ಸೆಲ್ ಇದ್ದರೆ ಮಾತ್ರ ದೀಪ ಹತ್ತುತ್ತದೆ ಅಂದರೆ ಎರಡನ್ನೂ ಒಂದೇ ಸಾಲಿನಲ್ಲಿ ಕಟ್ಟಿ ತುಂಬುತ್ತಿದೆ. ಒಂದು ತುಂಬಿ ಬೇಯುತ್ತಿರುತ್ತದೆ, ಇನ್ನೊಂದು ಇನ್ನೂ ಅರ್ಧ. ಎತ್ತು ಏರಿಗೆ, ಕೋಣ ನೀರಿಗೆ ಎಳೆದ ಹಾಗೆ. ಟಾರ್ಚಿನಲ್ಲೂ ಅದೇ ಕಥೆ ಮುಂದುವರಿಯುತ್ತದೆ. ಸೋತ ಸೆಲ್ ಬೇಗ ಖಾಲಿಯಾಗುತ್ತದೆ, ಗಟ್ಟಿ ಸೆಲ್ ಅದರ ಮೂಲಕವೇ ಕರೆಂಟು ನೂಕುತ್ತಾ ಹೋಗುತ್ತದೆ. ಕೊನೆಗೆ ಸೋತದ್ದು ಉಲ್ಟಾ ಚಾರ್ಜ್ ಆಗಿ ಪೂರ್ತಿ ಕೆಡುತ್ತದೆ. ನಿಮ್ಮ ನಾಲ್ಕನೆಯದು 0.4ಕ್ಕೆ ಇಳಿದದ್ದು ಆ ದಾರಿಯಲ್ಲೇ.

ಇನ್ನು ಸೆಲ್. ಪೆನ್ಸಿಲ್ ಅಳತೆಯಲ್ಲಿ 3800 ಎಂಎಎಚ್ ನಿಕೆಲ್ ಸೆಲ್ ಇಲ್ಲ. ಒಳ್ಳೆ ಕಂಪನಿಗಳೂ 2500ರಿಂದ 2800ರ ಒಳಗೇ ನಿಲ್ಲುತ್ತವೆ. ತೂಕವೂ ಅದನ್ನೇ ಹೇಳುತ್ತಿದೆ. ಒಳ್ಳೆ ಸೆಲ್ 26-27 ಗ್ರಾಂ ಇರುತ್ತದೆ. 19 ಗ್ರಾಂ ಅಂದರೆ ಒಳಗೆ ಮಾಲೇ ಕಡಿಮೆ. ಒಂದು ಗಂಟೆ ಹತ್ತು ನಿಮಿಷದ ಲೆಕ್ಕ ನೋಡಿದರೆ, ಟಾರ್ಚು ಅರ್ಧ ಆಂಪಿಯರ್ ಎಳೆಯುತ್ತದೆ ಅಂತಿಟ್ಟುಕೊಂಡರೆ, ನಿಮ್ಮ ಒಳ್ಳೆ ಜೊತೆಯಲ್ಲೇ ಈಗ ಉಳಿದಿರುವುದು 600 ಎಂಎಎಚ್ ಆಸುಪಾಸು.

ಹಿರಿಯೂರು ಹಾಸ್ಟೆಲ್

ನಡುವೆ ಬಂದು ಕೇಳುತ್ತಿದ್ದೇನೆ, ಕ್ಷಮಿಸಿ. ನಮ್ಮ ಹಾಸ್ಟೆಲಿನಲ್ಲಿ ಆರು ಸಣ್ಣ ಟಾರ್ಚು ಇವೆ. ಕರೆಂಟು ಹೋದಾಗ ಮಾತ್ರ ಬೇಕಾಗುತ್ತವೆ. ಎರಡು ತಿಂಗಳು ಮುಟ್ಟದೆ ಇಟ್ಟರೆ ರೀಚಾರ್ಜ್ ಸೆಲ್ ಎಲ್ಲ ಖಾಲಿ. ಮಾಮೂಲಿ ಸೆಲ್ ಇಟ್ಟರೆ ಸೋರಿ ಸ್ಪ್ರಿಂಗಿಗೆ ಬಿಳಿ ಪುಡಿ ಹಿಡಿಯುತ್ತದೆ. ಏನು ಮಾಡಲಿ? ಲ್ಯಾಪ್‌ಟಾಪ್ ಬ್ಯಾಟರಿಯಿಂದ ಬಿಚ್ಚಿದ 18650 ಅನ್ನುವ ಲಿಥಿಯಂ ಸೆಲ್ ಕಮ್ಮಿಗೆ ಸಿಗುತ್ತದೆ ಅಂತಾರೆ, ಅದು ಒಳ್ಳೆಯದಾ?

ರಿಪೇರಿ ಮೇಜು, ದಾವಣಗೆರೆ

ಇಬ್ಬರಿಗೂ ಸೇರಿಸಿ ಹೇಳುತ್ತೇನೆ. ಮಕ್ಕಳಿರುವ ಕಡೆ, ಎಲ್ಲರೂ ಮುಟ್ಟುವ ಟಾರ್ಚಿಗೆ ಪೆನ್ಸಿಲ್ ಅಳತೆಯ ನಿಕೆಲ್ ಸೆಲ್ಲೇ ಸರಿ. ಆದರೆ ಚಾರ್ಜ್ ಹಿಡಿದಿಟ್ಟುಕೊಳ್ಳುವ ಜಾತಿಯದ್ದು ತಗೊಳ್ಳಿ. ಈ ಜಾತಿಯಲ್ಲಿ ಹೆಸರಾದದ್ದು ಎನೆಲೂಪ್. 2005ರಲ್ಲಿ ಸ್ಯಾನ್ಯೋ ತಂದದ್ದು, ಈಗ ಪ್ಯಾನಾಸೋನಿಕ್ ಹೆಸರಲ್ಲಿ ಬರುತ್ತದೆ. ವರ್ಷ ಮುಟ್ಟದಿದ್ದರೂ ಅರ್ಧಕ್ಕಿಂತ ಎಷ್ಟೋ ಜಾಸ್ತಿ ಚಾರ್ಜ್ ಉಳಿದಿರುತ್ತದೆ. ಹಳೇ ಜಾತಿಯ ಸೆಲ್ ತಿಂಗಳಲ್ಲೇ ಒಳ್ಳೆ ಪಾಲು ಕಳೆದುಕೊಳ್ಳುತ್ತದೆ, ನಮ್ಮ ಬೇಸಿಗೆಯಲ್ಲಿ ಇನ್ನೂ ಬೇಗ. ಬೇರೆ ಕಂಪನಿಯದ್ದಾದರೆ ಪ್ಯಾಕಿನ ಮೇಲೆ "ಚಾರ್ಜ್ ಮಾಡಿಯೇ ಬಂದಿದೆ" ಅಂತ ಬರೆದಿರುವುದನ್ನು ಹುಡುಕಿ.

ದೊಡ್ಡ ನಂಬರಿಗೆ ಮರುಳಾಗಬೇಡಿ. ಸಾಮಾನ್ಯ ಎನೆಲೂಪ್ ಸುಮಾರು 2000 ಎಂಎಎಚ್, ಅದನ್ನು 2100 ಸಲ ಚಾರ್ಜ್ ಮಾಡಬಹುದು ಅಂತ ಕಂಪನಿ ಹೇಳುತ್ತದೆ. ಎನೆಲೂಪ್ ಪ್ರೊ ಅನ್ನುವುದು 2500ರ ಹತ್ತಿರ, ಆದರೆ ಅದಕ್ಕೆ 500 ಸಲ ಮಾತ್ರ. ತೋಟದ ಟಾರ್ಚಿಗೆ ನಾನಾಗಿದ್ದರೆ ಸಾಮಾನ್ಯದ್ದೇ ತಗೊಳ್ಳುತ್ತೇನೆ.

ದುಡ್ಡು ಕಮ್ಮಿ ಇದ್ದರೆ ಮೊದಲು ಚಾರ್ಜರ್ ಒಳ್ಳೆಯದು ತಗೊಳ್ಳಿ, ಸೆಲ್ ಎರಡೇ ಸಾಕು. ಕೆಟ್ಟ ಚಾರ್ಜರ್ ಒಳ್ಳೆ ಸೆಲ್ಲನ್ನೂ ತಿಂದುಹಾಕುತ್ತದೆ. ಕೇಳಬೇಕಾದದ್ದು ಇಷ್ಟೇ: ಪ್ರತಿ ಗೂಡಿಗೂ ಬೇರೆ ದೀಪ ಇದೆಯಾ, ಒಂದೇ ಸೆಲ್ ಹಾಕಿದರೂ ನಡೆಯುತ್ತದಾ. ಮುಂದೆ ಲಿಥಿಯಂ ಕಡೆ ಹೋಗುವ ಆಸೆ ಇದ್ದರೆ ಎರಡೂ ಜಾತಿ ತುಂಬುವ ಎಕ್ಸ್‌ಟಾರ್ ವಿಸಿ4 ಅಥವಾ ಲೀಟೊಕಾಲಾ ಲೀ-500 ತರಹದ್ದು ನೋಡಿ. ಲೀ-500ರಲ್ಲಿ ಸೆಲ್ಲಿನ ನಿಜವಾದ ಎಂಎಎಚ್ ಅಳೆಯುವ ವ್ಯವಸ್ಥೆಯೂ ಇದೆ. ಸುಳ್ಳು ಸೆಲ್ಲನ್ನು ಹಿಡಿಯಲು ನನಗೆ ಅದೇ ಕೈಗೋಲು.

18650 ಬಗ್ಗೆ. ಹೆಸರಲ್ಲೇ ಅಳತೆ ಇದೆ, 18 ಮಿಲಿಮೀಟರ್ ದಪ್ಪ, 65 ಉದ್ದ. ಶಕ್ತಿ ನಿಜಕ್ಕೂ ಜಾಸ್ತಿ. 3000 ಎಂಎಎಚ್‌ನದು ಒಂದು ಸೆಲ್ಲಿಗೆ 10.8 ವ್ಯಾಟ್-ಅವರ್ (ಒಳಗಿರುವ ಒಟ್ಟು ಶಕ್ತಿಯ ಲೆಕ್ಕ), ಎರಡು ಪೆನ್ಸಿಲ್ ಸೆಲ್ ಸೇರಿದರೂ 4.8 ಮಾತ್ರ. ದೂರಕ್ಕೆ ಬೆಳಕು ಬೇಕಾದ ತೋಟದವರಿಗೆ ಇದು ಒಳ್ಳೆಯದೇ. ಆದರೆ ಹಾಸ್ಟೆಲಿಗೆ ಬೇಡ ಮೇಡಂ. ಬಿಚ್ಚಿದ ಲ್ಯಾಪ್‌ಟಾಪ್ ಸೆಲ್ ಅಂತೂ ಬೇಡವೇ ಬೇಡ. ಅದು ಎಷ್ಟು ದಿನ ಪೂರ್ತಿ ಖಾಲಿಯಾಗಿ ಬಿದ್ದಿತ್ತು ಅಂತ ಹೊರಗಿನಿಂದ ನೋಡಿದರೆ ತಿಳಿಯುವುದಿಲ್ಲ. 2.5 ವೋಲ್ಟಿಗಿಂತ ಕೆಳಗೆ ಬಿದ್ದ ಲಿಥಿಯಂ ಸೆಲ್ಲನ್ನು ಮತ್ತೆ ಎಬ್ಬಿಸಲು ಹೋಗಬಾರದು. ಮೇಲಿನ ಪ್ಲಾಸ್ಟಿಕ್ ಸಿಪ್ಪೆ ಹರಿದಿದ್ದರೂ ಬಳಸಬೇಡಿ, ಸೆಲ್ಲಿನ ಮೈಯೆಲ್ಲ ಮೈನಸ್, ಪ್ಲಸ್ ತುದಿಯ ಪಕ್ಕದವರೆಗೂ, ಎರಡೂ ಸೇರಿದರೆ ಶಾರ್ಟ್ ಆಗುತ್ತದೆ. ಹೊಸದು ತರುವಾಗಲೂ 9900 ಎಂಎಎಚ್ ಅಂತ ಬರೆದದ್ದನ್ನು ಮುಟ್ಟಬೇಡಿ. ಒಳ್ಳೆಯದು 3500ರ ಆಸುಪಾಸಿಗೆ ನಿಲ್ಲುತ್ತದೆ, 45ರಿಂದ 50 ಗ್ರಾಂ ತೂಗುತ್ತದೆ. ರಕ್ಷಣೆಯ ಸರ್ಕ್ಯೂಟ್ ಇರುವುದು ನಾಲ್ಕೈದು ಮಿಲಿಮೀಟರ್ ಉದ್ದ ಜಾಸ್ತಿ ಇರುತ್ತದೆ. ನಿಮ್ಮ ಟಾರ್ಚಿನಲ್ಲಿ ಕೂರುತ್ತದಾ ಅಂತ ಮೊದಲೇ ಅಳೆಯಿರಿ.

ಚಾರ್ಜ್ ಮಾಡುವ ಜಾಗವೂ ಮುಖ್ಯ. ಹಾಸಿಗೆ ಮೇಲೆ, ಅಡಿಕೆ ಸಿಪ್ಪೆ ರಾಶಿಯ ಪಕ್ಕ ಬೇಡ. ಕಡಪಾ ಕಲ್ಲು ಅಥವಾ ಬರೀ ನೆಲದ ಮೇಲೆ ಇಡಿ. ಬೈಕಿನ ಡಿಕ್ಕಿಯಲ್ಲಿ ಸೆಲ್ ಬಿಟ್ಟು ಬಿಸಿಲಿಗೆ ನಿಲ್ಲಿಸಬೇಡಿ.

ಆ ಬಿಳಿ ಪುಡಿ ಆಲ್ಕಲೈನ್ ಸೆಲ್ಲಿನದಾದರೆ ಅದು ಕ್ಷಾರ. ಹತ್ತಿ ಕಡ್ಡಿಗೆ ಒಂದು ಹನಿ ನಿಂಬೆರಸ ಹಚ್ಚಿ ಒರೆಸಿ, ಆಮೇಲೆ ಒದ್ದೆ ಬಟ್ಟೆ, ಆಮೇಲೆ ಒಣ ಬಟ್ಟೆ. ಕಣ್ಣಿಗೆ ತಾಗದ ಹಾಗೆ ನೋಡಿಕೊಳ್ಳಿ. ಟಾರ್ಚಿನ ಹಿಂದಿನ ಮುಚ್ಚಳ ತಿರುಗಿಸಿ ಕೂರಿಸುವ ತಿರುಪಿನ ಭಾಗವನ್ನೂ ಒರೆಸಿ. ತುಂಬಾ ಲೋಹದ ಟಾರ್ಚುಗಳಲ್ಲಿ ಕರೆಂಟು ಅದರ ಮೂಲಕವೇ ಹರಿಯುತ್ತದೆ, ಅಲ್ಲಿ ಜಿಡ್ಡು ಕೂತರೂ ಬೆಳಕು ಮಂಕಾಗುತ್ತದೆ.

ಕೋಟೆ ಹಾದಿ

ನನ್ನ ಟಾರ್ಚಿನ ಡಬ್ಬಿ ಹುಡುಕಿ ನೋಡಿದೆ. ಒಂದೇ ಸೆಲ್ಲಿನದು, 14500 ಹಾಕಬಹುದು ಅಂತ ಬರೆದಿದೆ. ಎರಡು ಸೆಲ್ಲಿನದಕ್ಕೂ ಅದನ್ನೇ ಹೇಳಿದ್ದು ನನ್ನ ತಪ್ಪು. ಹೊಳಲ್ಕೆರೆಯವರೇ, ತರಿಸಿಲ್ಲ ತಾನೇ?

ಹೊಳಲ್ಕೆರೆ ತೋಟ

ಇಲ್ಲ ಸರ್, ತರಿಸಿಲ್ಲ.

ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ. ದಾವಣಗೆರೆಗೆ ಅಡಿಕೆ ಕೆಲಸದ ಮೇಲೆ ಹೋದಾಗ ಸಾಮಾನ್ಯ ಎನೆಲೂಪ್ ನಾಲ್ಕು, ಪ್ರತಿ ಗೂಡಿಗೂ ಬೇರೆ ದೀಪ ಇರುವ ಚಾರ್ಜರ್ ಒಂದು ತಂದೆ. ಅಂಗಡಿಯಲ್ಲೇ ಒಂದು ಸೆಲ್ ಹಾಕಿಸಿ ದೀಪ ಹತ್ತುವುದನ್ನು ನೋಡಿಯೇ ತಗೊಂಡೆ. ತೂಕ 26 ಗ್ರಾಂ ಚಿಲ್ಲರೆ ಬಂತು.

ಟಾರ್ಚು ಈಗ ಮೂರೂವರೆ ಗಂಟೆ ಒಂದೇ ಸಮ ಉರಿಯುತ್ತದೆ. ರಾತ್ರಿ ಎರಡು ಸಲ ಕರೆಂಟು ಹೋಗಿ ಬಂದ ದಿನವೂ ಬೆಳಗ್ಗೆ ಸೆಲ್ ತಣ್ಣಗಿತ್ತು. 1-2 ಒಂದು ಜೊತೆ, 3-4 ಇನ್ನೊಂದು ಜೊತೆ ಅಂತ ಮಗಳ ಉಗುರು ಬಣ್ಣದಿಂದ ಗುರುತು ಹಾಕಿದ್ದೇನೆ, ಬೆರೆಸುವುದಿಲ್ಲ. ಹಳೇ ಚಾರ್ಜರ್ ಯಾರ ಕೈಗೂ ಸಿಗಬಾರದು ಅಂತ ವೈರ್ ಕತ್ತರಿಸಿ ಇಟ್ಟಿದ್ದೇನೆ.

ನಿನ್ನೆ ರಾತ್ರಿ ಮೋಟರ್ ಮನೆಯ ಮೆಟ್ಟಿಲ ಹತ್ತಿರ ಒಂದು ಹಾವು ಮಲಗಿತ್ತು. ಹತ್ತು ಅಡಿ ದೂರದಿಂದಲೇ ಕಂಡಿತು.