ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ಕಟಕಟ ಸದ್ದು: ಟೈಮಿಂಗ್ ಚೈನೇ ಇರಬಹುದಾ? ಘಟ್ಟ ಇಳಿಸಬಹುದಾ?

ಶಿರಸಿ ಡೀಸೆಲ್:
1.3 ಲೀಟರ್ ಡೀಸೆಲ್ ಹ್ಯಾಚ್‌ಬ್ಯಾಕ್, 2013ರ ಮಾಡೆಲ್, 1,38,000 ಕಿ.ಮೀ. ಓಡಿದ್ದು. ರಾತ್ರಿಯಿಡೀ ನಿಂತ ಗಾಡಿ ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ಎಂಜಿನ್ನಿನ ಡ್ರೈವರ್ ಬದಿಯಿಂದ ಡಬ್ಬದಲ್ಲಿ ಮೊಳೆ ಹಾಕಿ ಅಲ್ಲಾಡಿಸಿದ ಹಾಗೆ ನಾಲ್ಕೈದು ಸೆಕೆಂಡ್ ಸದ್ದು. ಬಿಸಿ ಆದ್ಮೇಲೆ ಏನೂ ಇಲ್ಲ. ಎಂಜಿನ್ ಲೈಟ್ ಎರಡು ಸಲ ಬಂದು ಹೋಯ್ತು, ಸ್ಕ್ಯಾನರ್‌ನಲ್ಲಿ ಪಿ0340 ಅನ್ನೋ ದೋಷದ ಕೋಡ್. ಚೈನ್ ಬದಲಿಸಲೇಬೇಕಾ? ಕೆಲಸ ಕಾರವಾರದಲ್ಲಿ ಮಾಡಿಸುವ ಯೋಚನೆ. ದೇವಿಮನೆ ಘಟ್ಟ ಇಳಿಸಿ ಕುಮಟಾ ಮೇಲೆ ಓಡಿಸಿಕೊಂಡು ಹೋಗಬಹುದಾ?

ಸದಾಶಿವಗಡ ಸ್ಪ್ಯಾನರ್:
ಚೈನ್ ಅಂತ ತೀರ್ಮಾನ ಮಾಡೋ ಮೊದಲು ಆಯಿಲ್ ಕಡ್ಡಿ ಎಳೆದು ನೋಡಿ. ಗಾಡಿ ಸಮತಟ್ಟು ಜಾಗದಲ್ಲಿರಲಿ, ಎಂಜಿನ್ ಆಫ್ ಆಗಿ ಹತ್ತು ನಿಮಿಷ ಕಳೆದಿರಲಿ. ಟೈಮಿಂಗ್ ಚೈನ್ ಅಂದ್ರೆ ಕ್ರ್ಯಾಂಕ್ (ಪಿಸ್ಟನ್ನಿನಿಂದ ತಿರುಗೋ ದಂಡ) ತಿರುಗಿದ ಲೆಕ್ಕಕ್ಕೇ ಕ್ಯಾಮನ್ನ (ವಾಲ್ವು ತೆಗೆದು ಮುಚ್ಚೋ ದಂಡ) ತಿರುಗಿಸೋ ಚೈನು. ಅದನ್ನ ಎಳೆದು ಹಿಡಿಯೋ ಟೆನ್ಷನರ್ ಬಿಗಿಯಾಗಿ ನಿಲ್ಲೋದು ಆಯಿಲ್ ಪ್ರೆಶರ್ ಬಲದಿಂದ. ರಾತ್ರಿ ಆಯಿಲ್ ಎಲ್ಲ ಎಂಜಿನ್ ತಳದ ಆಯಿಲ್ ತಟ್ಟೆಗೆ (ಸಂಪು) ಇಳಿದು ಹೋದ್ರೆ, ಬೆಳಿಗ್ಗೆ ಪ್ರೆಶರ್ ಏರುವವರೆಗೆ ಚೈನು ಪಕ್ಕದ ಪ್ಲಾಸ್ಟಿಕ್ ಪಟ್ಟಿಗೆ (ಗೈಡು) ಬಡೀತದೆ. ಆಯಿಲ್ ಕಡಿಮೆ ಇದ್ರೂ ಇದೇ ಸದ್ದು, ತೆಳು ಆಯಿಲ್ 5ಡಬ್ಲ್ಯು-30 ಹಾಕಬೇಕಾದಲ್ಲಿ ದಪ್ಪನೆಯ 20ಡಬ್ಲ್ಯು-50 ಸುರಿದ್ರೂ ಇದೇ ಸದ್ದು, ಅಗ್ಗದ ಫಿಲ್ಟರ್ ಹಾಕಿ ಆಯಿಲ್ ವಾಪಸ್ ಇಳಿಯದ ಹಾಗೆ ತಡೆಯೋ ವಾಲ್ವು ಸರಿಯಾಗಿ ಕೂರದಿದ್ರೂ ಇದೇ ಸದ್ದು. ಹಾಗಾಗಿ ಮೊದಲು ಆಯಿಲು, ಫಿಲ್ಟರು ಎರಡೂ ಬದಲಿಸಿ ಮೂರು ಬೆಳಿಗ್ಗೆ ಕಿವಿಕೊಟ್ಟು ಕೇಳಿ.

ಇನ್ನೊಂದು ಪರೀಕ್ಷೆ: ಹೊರಗಿನ ಬೆಲ್ಟ್ ಕಳಚಿ ಕೋಲ್ಡ್ ಸ್ಟಾರ್ಟ್ ಮಾಡಿ. ಸದ್ದು ಹೋಯ್ತು ಅಂದ್ರೆ ಆಲ್ಟರ್ನೇಟರ್ ಪುಲ್ಲಿ ಅಥವಾ ಬೆಲ್ಟ್ ಟೆನ್ಷನರ್ ಕಡೆ ನೋಡಬೇಕು, ಚೈನ್ ಪಾಪ. ಆದ್ರೆ ವಾಟರ್ ಪಂಪ್ ಅದೇ ಬೆಲ್ಟಿಗೆ ಇದ್ದರೆ ಅದೂ ತಿರುಗೋದಿಲ್ಲ, ಇಪ್ಪತ್ತು ಸೆಕೆಂಡಿಗಿಂತ ಜಾಸ್ತಿ ಓಡಿಸಬೇಡಿ.

ಚೈನ್ ಉದ್ದ ಆಗೋದು ಅಂದ್ರೆ ಕಬ್ಬಿಣ ಹಿಗ್ಗೋದಲ್ಲ. ಒಂದೊಂದು ಕೊಂಡಿಯ ಪಿನ್ನು ಕೂದಲೆಳೆಯಷ್ಟು ಸವೀತದೆ, ಅಷ್ಟೂ ಕೊಂಡಿಯದ್ದು ಸೇರಿದಾಗ ಕ್ಯಾಮ್ ಹಿಂದೆ ಬೀಳ್ತದೆ. ಡೀಸೆಲ್ ಆಯಿಲಿನ ಮಸಿಯೇ ಅದಕ್ಕೆ ಸಾಣೆ.

ಕುಮಟಾ ವೈರಿಂಗ್:
ಪಿ0340 ನೋಡಿ ಚೈನ್ ಬಿಚ್ಚಬೇಡಿ. ಆ ಕೋಡ್ ಹೇಳೋದು ಕ್ಯಾಮ್ ಸೆನ್ಸರ್ ಸರ್ಕ್ಯೂಟ್‌ನಲ್ಲಿ ತೊಂದರೆ ಅಂತ ಅಷ್ಟೇ. ಪಿ0335 ಬಂದ್ರೆ ಕ್ರ್ಯಾಂಕ್ ಸೆನ್ಸರ್‌ದ್ದು. ಎರಡರ ಲೆಕ್ಕ ಒಂದಕ್ಕೊಂದು ತಾಳೆ ಆಗ್ತಾ ಇಲ್ಲ ಅಂತ ಹೇಳೋದು ಪಿ0016, ಅದು ಬಂದ್ರೆ ಚೈನ್ ಮೇಲೆ ಅನುಮಾನ ಪಡಿ.

ಕರಾವಳಿ ಗಾಡಿಯಲ್ಲಿ ಉಪ್ಪುಗಾಳಿಗೆ, ಘಟ್ಟದ ಮೇಲೆ ಮಳೆಯ ತಂಡಿಗೆ ಸೆನ್ಸರ್ ಕನೆಕ್ಟರ್ ಒಳಗೆ ಹಸಿರು ಕಿಲುಬು ಕಟ್ತದೆ. ಬ್ಯಾಟರಿ ನೆಗೆಟಿವ್ ತೆಗೆದು, ಕನೆಕ್ಟರ್ ಬಿಚ್ಚಿ, ಪಿನ್ನುಗಳನ್ನ ಬೆಳಕಿಗೆ ಹಿಡಿದು ನೋಡಿ. ಕಿಲುಬು ಇದ್ರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಿಸಿ. ರಬ್ಬರ್ ಸೀಲ್ ಹರಿದಿದ್ರೆ ಅದನ್ನ ಬದಲಿಸದೆ ಬರೀ ಕ್ಲೀನ್ ಮಾಡಿದ್ರೆ ಮುಂದಿನ ಮಳೆಗಾಲಕ್ಕೆ ಮತ್ತೆ ಅದೇ ಕಥೆ. ಆಮೇಲೆ ಕೋಡ್ ಅಳಿಸಿ ಓಡಿಸಿ.

ಶಿರಸಿ ಡೀಸೆಲ್:
ಆಯಿಲ್ ಕೆಳಗಿನ ಗುರುತಿಗಿಂತ ಕಡಿಮೆ ಇತ್ತು. ಆಯಿಲು, ಫಿಲ್ಟರು ಹೊಸದು. ಕನೆಕ್ಟರ್‌ನಲ್ಲಿ ಕಿಲುಬು ಇತ್ತು, ತೆಗೆಸಿದೆ. ಪಿ0340 ಹೋಯ್ತು, ಆದ್ರೆ ಸದ್ದು ಹಾಗೇ ಇದೆ. ನಿನ್ನೆಯಿಂದ ಪಿ0016.

ಸದಾಶಿವಗಡ ಸ್ಪ್ಯಾನರ್:
ಹಾಗಾದ್ರೆ ಓಡಿಸಬೇಡಿ ಮಾರಾಯ್ರೇ. ಚೈನು ಸ್ಪ್ರಾಕೆಟಿನ (ಹಲ್ಲುಚಕ್ರದ) ಒಂದು ಹಲ್ಲು ಹಾರಿದ್ರೆ ವಾಲ್ವು ಪಿಸ್ಟನ್ನಿಗೆ ತಾಗುವ ಎಂಜಿನ್ ಇದು. ದೇವಿಮನೆ ತಿರುವಿನಲ್ಲಿ ಎಂಜಿನ್ ನಿಂತ್ರೆ ಬ್ರೇಕ್ ಬೂಸ್ಟರ್‌ನಲ್ಲಿ ಉಳಿದ ವ್ಯಾಕ್ಯೂಮ್ ಎರಡು ಮೂರು ಸಲ ಪೆಡಲ್ ಒತ್ತೋವರೆಗೆ ಮಾತ್ರ, ಆಮೇಲೆ ಪೆಡಲ್ ಕಲ್ಲು. ಸ್ಟಿಯರಿಂಗೂ ಭಾರ. ಚಪ್ಪಟೆ ಲಾರಿಗೆ ಹಾಕಿ ಕಳಿಸಿ. ತಳ್ಳಿ ಸ್ಟಾರ್ಟ್ ಮಾಡೋ ಪ್ರಯತ್ನ ಯಾವ ಕಾರಣಕ್ಕೂ ಬೇಡ.

ಬಿಚ್ಚುವಾಗ ಚೈನ್ ಒಂದೇ ತರಬೇಡಿ. ಚೈನು, ಟೆನ್ಷನರ್, ಎರಡೂ ಗೈಡು, ಕ್ರ್ಯಾಂಕ್ ಮತ್ತು ಕ್ಯಾಮ್ ಸ್ಪ್ರಾಕೆಟ್, ಮುಂದಿನ ಕ್ರ್ಯಾಂಕ್ ಸೀಲು, ಹೊಸ ಬೋಲ್ಟುಗಳು, ಎಲ್ಲ ಸೇರಿದ ಕಿಟ್ಟೇ ಬೇಕು. ಹಳೇ ಸ್ಪ್ರಾಕೆಟಿನ ಸವೆದ ಹಲ್ಲಿಗೆ ಹೊಸ ಚೈನ್ ಹಾಕಿದ್ರೆ ಹೊಸದೂ ಬೇಗ ಸವೀತದೆ. ಮೆಕ್ಯಾನಿಕ್ ಹತ್ರ ಕ್ಯಾಮ್ ಮತ್ತು ಕ್ರ್ಯಾಂಕ್ ಲಾಕ್ ಮಾಡೋ ಪಿನ್ನು ಇದೆಯಾ ಅಂತ ಮೊದಲೇ ಕೇಳಿ. ಬಿಳಿ ಪೇಂಟಿನ ಗುರುತು ಸಾಕು ಅನ್ನೋರಿಗೆ ಗಾಡಿ ಕೊಡಬೇಡಿ: ಚೈನ್ ಈಗಾಗಲೇ ಉದ್ದ ಆಗಿದೆ, ಆ ಗುರುತೇ ತಪ್ಪು ಜಾಗದಲ್ಲಿರ್ತದೆ.

ಸಂಪು ಇಳಿಸಿದಾಗ ಆಯಿಲ್ ಹೀರೋ ಜಾಲರಿ ನೋಡಲೇಬೇಕು. ಗೈಡಿನ ಪ್ಲಾಸ್ಟಿಕ್ ಚೂರು ಅಲ್ಲಿ ಉಗುರಿನ ಹಾಗೆ ಅಂಟಿಕೊಂಡಿರ್ತದೆ. ಅದನ್ನ ಬಿಟ್ಟು ಮುಚ್ಚಿದ್ರೆ ಆಯಿಲ್ ಪ್ರೆಶರ್ ಬರೋದಿಲ್ಲ, ಹೊಸ ಟೆನ್ಷನರೂ ಸಡಿಲ. ಕವರ್ ಕೂರಿಸುವಾಗ ಸಿಲಿಕಾನ್ ಪೇಸ್ಟು ತೆಳ್ಳಗೆ ಒಂದೇ ಗೆರೆ. ದಪ್ಪ ಹಚ್ಚಿದ್ರೆ ಒಳಗೆ ಹಿಂಡಿ ಬಂದದ್ದು ಕಿತ್ತು ಅದೇ ಜಾಲರಿಗೆ ಹೋಗಿ ಕೂರ್ತದೆ. ಟೆನ್ಷನರಿನ ತಡೆ ಪಿನ್ನು ಎಳೆದು ತೆಗೆಯೋಕೆ ಮರೆಯೋರೂ ಇದ್ದಾರೆ.

ಲಾಕ್ ಪಿನ್ನು ತೆಗೆದ ಮೇಲೆ ಸ್ಪ್ಯಾನರ್ ಹಾಕಿ ಕೈಯಲ್ಲೇ ಕ್ರ್ಯಾಂಕನ್ನು ಅದು ತಿರುಗುವ ದಿಕ್ಕಿಗೇ ಪೂರ್ತಿ ಎರಡು ಸುತ್ತು ತಿರುಗಿಸಬೇಕು. ಪಿನ್ನು ಮತ್ತೆ ಸಲೀಸಾಗಿ ಕೂತ್ರೆ ಮಾತ್ರ ಸ್ಟಾರ್ಟ್. ಎಲ್ಲಾದ್ರೂ ಗಟ್ಟಿ ತಡೆದ್ರೆ ಒತ್ತಾಯ ಮಾಡದೆ ಟೈಮಿಂಗ್ ಮತ್ತೆ ನೋಡಬೇಕು.

ಘಾಟಿಗಾಡಿ:
ಒಂದು ಮಾತು ಸೇರಿಸ್ತೇನೆ. ಶಿರಸಿ ಕಡೆ ಮನೆ ಅಂಗಳಕ್ಕೆ ಏರು ದಾರಿ ಇರ್ತದಲ್ಲ, ಅಲ್ಲಿ ಮೂತಿ ಮೇಲೆ ಮಾಡಿ ಫಸ್ಟ್ ಗೇರಿನ ಮೇಲೇ ಗಾಡಿ ನಿಲ್ಲಿಸೋದು ಬಿಡಿ. ಗಾಡಿಯ ಭಾರ ಎಂಜಿನ್ನನ್ನ ಹಿಂದಕ್ಕೆ ತಿರುಗಿಸೋಕೆ ನೋಡ್ತದೆ, ಪ್ರೆಶರ್ ಇಲ್ಲದ ಟೆನ್ಷನರ್ ಕಡೆ ಚೈನ್ ಸಡಿಲ ಬಿದ್ದು, ಸವೆದ ಚೈನಾದ್ರೆ ಹಲ್ಲು ಹಾರುವ ಸಂಭವ ಇದೆ. ಮೊದಲು ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕ್ ಪೆಡಲ್ ಬಿಟ್ಟು ಭಾರ ಅದರ ಮೇಲೆ ಕೂತ ಮೇಲೆ ಗೇರ್ ಹಾಕಿ.

ಶಿರಸಿ ಡೀಸೆಲ್:
ಲಾರಿಗೆ ಹೇಳಿದೆ. ಹಲ್ಲು ಹಾರಿಯೇ ಹೋಗಿದ್ರೆ ಹೆಡ್ (ವಾಲ್ವು ಇರೋ ಎಂಜಿನ್ನಿನ ಮೇಲ್ಭಾಗ) ಇಳಿಸಬೇಕಾಗ್ತದಾ?

ಸದಾಶಿವಗಡ ಸ್ಪ್ಯಾನರ್:
ತಕ್ಷಣಕ್ಕೆ ಬೇಡ. ಹೊಡೆತ ಬಿದ್ರೆ ಇದರಲ್ಲಿ ಸಾಮಾನ್ಯವಾಗಿ ಮೊದಲು ಮುರಿಯೋದು ರಾಕರ್ ಆರ್ಮ್, ಅಂದ್ರೆ ಕ್ಯಾಮಿಗೂ ವಾಲ್ವಿಗೂ ನಡುವಿನ ಸಣ್ಣ ತೋಳು. ಮೇಲಿನ ಕವರ್ ತೆಗೆದು ಅವನ್ನ ನೋಡಿ, ಮುರಿದದ್ದನ್ನ ಬದಲಿಸಿ, ಟೈಮಿಂಗ್ ಕೂರಿಸಿ ನಾಲ್ಕೂ ಸಿಲಿಂಡರ್ ಕಂಪ್ರೆಶನ್ (ಒಳಗಿನ ಗಾಳಿಯ ಒತ್ತಡ) ಅಳೆಯಿರಿ. ನಾಲ್ಕೂ ಹತ್ತಿರ ಹತ್ತಿರ ಬಂದ್ರೆ ಹೆಡ್ ಮುಟ್ಟಬೇಡಿ. ಒಂದರಲ್ಲಾದ್ರೂ ಕುಸಿದಿದ್ರೆ ವಾಲ್ವ್ ಬಾಗಿರೋ ಸಂಭವ ಹೆಚ್ಚು, ಆಗ ಇಳಿಸಲೇಬೇಕು.