ಬೆಂಗಳೂರಿನಲ್ಲಿ ಕಂಪನಿ ವಿಡಿಯೋ ಮಾಡಿಸುವುದು: ಬಜೆಟ್, ಕೊಟೇಶನ್, ಶೂಟಿಂಗ್ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ (ಪೀಣ್ಯದ ಒಂದು ಕಾರ್ಖಾನೆಯ ಎಚ್‌ಆರ್):
ನಮಸ್ಕಾರ ಸರ್. ನಮ್ಮದು ಯಂತ್ರದ ಬಿಡಿಭಾಗ ತಯಾರಿಸುವ ಕಂಪನಿ. ಕಾರ್ಖಾನೆ ಪೀಣ್ಯದಲ್ಲಿ, ಡಿಸೈನ್ ಆಫೀಸು ವೈಟ್‌ಫೀಲ್ಡ್‌ನಲ್ಲಿ. ನಮ್ಮ ಎಂಡಿ ಅವರಿಗೆ ಮೂರು ನಿಮಿಷದ ಕಂಪನಿ ವಿಡಿಯೋ ಬೇಕಂತೆ. ಬಜೆಟ್ 4 ಲಕ್ಷ ಅಂದಿದ್ದಾರೆ. ಮೂರು ಕಡೆ ಕೊಟೇಶನ್ ತರಿಸಿದೆ. ಒಬ್ಬರು 90 ಸಾವಿರ ಅಂದರು, ಇನ್ನೊಬ್ಬರು 3 ಲಕ್ಷ 80 ಸಾವಿರ, ಮತ್ತೊಬ್ಬರು 9 ಲಕ್ಷ! ಮೂವರಿಗೂ ಕಳಿಸಿದ್ದು ಒಂದೇ ಇಮೇಲ್. ಇದರಲ್ಲಿ ಯಾರು ಮೋಸ ಮಾಡುತ್ತಿದ್ದಾರೆ?

ಉತ್ತರ:
ಮೋಸ ಯಾರದ್ದೂ ಇರಲಿಕ್ಕಿಲ್ಲ ಮೇಡಂ. ಮೂವರೂ ತಮ್ಮ ತಲೆಯಲ್ಲಿ ಮೂರು ಬೇರೆ ವಿಡಿಯೋ ಊಹಿಸಿಕೊಂಡು ದರ ಹೇಳಿದ್ದಾರೆ, ಅಷ್ಟೇ. ನಿಮ್ಮ ಇಮೇಲ್‌ನಲ್ಲಿ "ಮೂರು ನಿಮಿಷ" ಅನ್ನುವುದು ಬಿಟ್ಟರೆ ಬೇರೇನೂ ಇರಲಿಲ್ಲ ಅಲ್ವಾ? ಈ ಕೆಲಸಕ್ಕೆ ನಿಮಿಷದ ಲೆಕ್ಕದಲ್ಲಿ ದರ ಬೀಳುವುದಿಲ್ಲ. ಶೂಟಿಂಗ್ ಎಷ್ಟು ದಿನ, ಶೂಟಿಂಗ್ ತಂಡದಲ್ಲಿ ಎಷ್ಟು ಜನ, ಎಷ್ಟು ಜಾಗ, ಗ್ರಾಫಿಕ್ಸ್ ಎಷ್ಟು, ತಿದ್ದುಪಡಿ ಎಷ್ಟು ಸಲ ಅನ್ನುವುದರ ಮೇಲೆ ಬೀಳುತ್ತದೆ.

90 ಸಾವಿರದವರು ಬಹುಶಃ ಒಬ್ಬ ಕ್ಯಾಮೆರಾಮನ್, ಒಬ್ಬ ಸಹಾಯಕ, ಒಂದು ದಿನದ ಶೂಟ್ ಅಂತ ಹಿಡಿದಿದ್ದಾರೆ. ಸ್ಕ್ರಿಪ್ಟ್ ನೀವೇ ಕೊಡುತ್ತೀರಿ ಅಂದುಕೊಂಡಿದ್ದಾರೆ. 9 ಲಕ್ಷದವರು ನಿರ್ದೇಶಕ, ಮೇಕಪ್, ಮೂರು ದಿನದ ಶೂಟ್, ತ್ರೀಡಿ ಆನಿಮೇಷನ್ ಎಲ್ಲ ಸೇರಿಸಿರಬಹುದು. ಫೋನ್ ಮಾಡಿ ಇದನ್ನೇ ಕೇಳಿ. ಕೊಟೇಶನ್ ಬಿಡಿಬಿಡಿಯಾಗಿ ಬರೆದುಕೊಡಲು ಒಪ್ಪದವರನ್ನು ಅಲ್ಲೇ ಬಿಟ್ಟುಬಿಡಿ.

ಅದಕ್ಕೂ ಮೊದಲು ನಿಮ್ಮ ಎಂಡಿ ಅವರ ಹತ್ತಿರ ಎರಡೇ ಪ್ರಶ್ನೆ ಕೇಳಿ. ಒಂದು, ಈ ವಿಡಿಯೋ ನೋಡುವವರು ಯಾರು? ಎರಡು, "ಸರಿ, ಫೈನಲ್" ಅಂತ ಹೇಳುವವರು ಯಾರು? ಈ ಎರಡಕ್ಕೆ ಉತ್ತರ ಇಲ್ಲದೆ ಕ್ಯಾಮೆರಾ ತೆಗೆದರೆ 4 ಲಕ್ಷವಲ್ಲ, 8 ಲಕ್ಷ ಇದ್ದರೂ ಸಾಲುವುದಿಲ್ಲ.

ನೋಡುವವರು ಯಾರು ಅಂತ ಯಾಕೆ ಕೇಳುತ್ತೇನೆ ಅಂದರೆ, ಪೀಣ್ಯದ ಕಂಪನಿಗಳು ಈ ವಿಡಿಯೋವನ್ನು ಸಾಮಾನ್ಯವಾಗಿ ಮೂರು ಕಡೆ ಬಳಸುತ್ತವೆ. ಹೊರದೇಶದ ಗಿರಾಕಿಗೆ ಕಳಿಸುತ್ತವೆ. ಕೆಲಸಕ್ಕೆ ಬರುವ ಐಟಿಐ, ಡಿಪ್ಲೊಮಾ ಹುಡುಗರಿಗೆ ತೋರಿಸುತ್ತವೆ. ತುಮಕೂರು ರಸ್ತೆಯ ಬಿಐಇಸಿ ಪ್ರದರ್ಶನ ಕೇಂದ್ರದಲ್ಲಿ ಇಮ್‌ಟೆಕ್ಸ್‌ನಂಥ ಯಂತ್ರಗಳ ಪ್ರದರ್ಶನ ನಡೆದಾಗ ಸ್ಟಾಲ್‌ನ ಟಿವಿಯಲ್ಲಿ ಹಾಕುತ್ತವೆ. ಆ ಹಾಲ್‌ನಲ್ಲಿ ಯಂತ್ರಗಳ ಸದ್ದಿಗೆ ಪಕ್ಕದವರ ಮಾತೇ ಕೇಳುವುದಿಲ್ಲ. ಅಲ್ಲಿ ದುಬಾರಿ ಹಿನ್ನೆಲೆ ಧ್ವನಿ ದಂಡ. ದೊಡ್ಡ ಅಕ್ಷರ ಬೇಕು, ನಡೆದು ಹೋಗುವವನು ಹತ್ತು ಸೆಕೆಂಡ್ ನಿಂತರೂ ವಿಷಯ ಸಿಗಬೇಕು. ಗಿರಾಕಿಗಾದರೆ ನಿಮ್ಮ ಅಳತೆಯ ನಿಖರತೆ, ತಪಾಸಣೆ ವಿಭಾಗ, ಯಂತ್ರಗಳ ಸಾಮರ್ಥ್ಯ ಕಾಣಬೇಕು. ಹುಡುಗರಿಗಾದರೆ ಕ್ಯಾಂಟೀನು, ಬಸ್ಸು, ಜೊತೆಗೆ ಕೆಲಸ ಮಾಡುವವರ ಮುಖ. ಮೂರನ್ನೂ ಒಂದೇ ಮೂರು ನಿಮಿಷದಲ್ಲಿ ತುರುಕಿದರೆ ಮೂವರಿಗೂ ಬೇಡವಾದ ವಿಡಿಯೋ ಆಗುತ್ತದೆ. ಒಂದೇ ಶೂಟ್‌ನಿಂದ ಎರಡು ಮೂರು ಸಣ್ಣ ವಿಡಿಯೋ ತೆಗೆಯಬಹುದು. ಆದರೆ ಅದನ್ನು ಶೂಟಿಂಗ್‌ಗೆ ಮುಂಚೆಯೇ ಹೇಳಬೇಕು.

ಈಗ ನಿಮ್ಮ 4 ಲಕ್ಷದ ಲೆಕ್ಕ. ಜಿಎಸ್‌ಟಿ ಸೇರಿ 4 ಲಕ್ಷವಾ, ಬಿಟ್ಟು 4 ಲಕ್ಷವಾ? ಈ ಕೆಲಸಕ್ಕೆ ಜಿಎಸ್‌ಟಿ ಶೇ. 18. ಸೇರಿ ಅಂದರೆ ನಿಜವಾದ ಕೆಲಸಕ್ಕೆ ಸಿಗುವುದು ಸುಮಾರು 3 ಲಕ್ಷ 39 ಸಾವಿರ. ಬಿಟ್ಟು ಅಂದರೆ ಬಿಲ್ 4 ಲಕ್ಷ 72 ಸಾವಿರಕ್ಕೆ ಹೋಗುತ್ತದೆ. ನಿಮ್ಮ ಕಂಪನಿಗೆ ಇನ್‌ಪುಟ್ ಕ್ರೆಡಿಟ್, ಅಂದರೆ ಇಲ್ಲಿ ಕೊಟ್ಟ ಜಿಎಸ್‌ಟಿಯನ್ನು ನೀವು ಕಟ್ಟುವ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವ ಅವಕಾಶ, ಸಿಗುತ್ತದಾ ಅಂತ ಅಕೌಂಟ್ಸ್‌ನವರನ್ನು ಕೇಳಿ. ಟಿಡಿಎಸ್ (ಹಣ ಕೊಡುವಾಗಲೇ ಹಿಡಿಯುವ ತೆರಿಗೆ) ಎಷ್ಟು ಮುರಿಯುತ್ತೀರಿ ಅನ್ನುವುದನ್ನೂ ಮೊದಲೇ ಹೇಳಿಬಿಡಿ. ಕೊನೆಯ ಕಂತಿನಲ್ಲಿ ಅದಕ್ಕಾಗಿ ಜಗಳ ಆಗುವುದನ್ನು ಜಾಸ್ತಿ ನೋಡಿದ್ದೇನೆ.

ಜಿಎಸ್‌ಟಿ ಸೇರಿ ಅಂತಲೇ ಇಟ್ಟುಕೊಳ್ಳೋಣ. ನಾನಾದರೆ ಹೀಗೆ ಹಂಚುತ್ತೇನೆ. ಸ್ಕ್ರಿಪ್ಟು, ಲೊಕೇಶನ್ ನೋಡಿಬರುವುದು, ತಯಾರಿ ಎಲ್ಲಕ್ಕೂ 40 ಸಾವಿರ. ಎರಡು ದಿನದ ಶೂಟಿಂಗ್‌ಗೆ 1 ಲಕ್ಷ 40 ಸಾವಿರ. ಕ್ಯಾಮೆರಾ, ಲೆನ್ಸು, ಲೈಟು, ಸೌಂಡು, ಹುಡುಗರ ದಿನದ ಬಾಟಾ (ಭತ್ಯೆ), ಗಾಡಿ, ಊಟ ಎಲ್ಲ ಇದರಲ್ಲೇ. ಎಡಿಟಿಂಗ್, ಕಲರ್, ಸೌಂಡ್ ಮಿಕ್ಸಿಂಗ್‌ಗೆ 70 ಸಾವಿರ. ಗ್ರಾಫಿಕ್ಸ್‌ಗೆ 35 ಸಾವಿರ. ಹಿನ್ನೆಲೆ ಧ್ವನಿ, ಸಂಗೀತದ ಲೈಸೆನ್ಸ್‌ಗೆ 20 ಸಾವಿರ. ಉಳಿದ ಸುಮಾರು 34 ಸಾವಿರ ಸಣ್ಣಪುಟ್ಟ ಆಪತ್ತಿಗೆ. ತಂಡದ ಲಾಭವೂ ಈ ಅಂಕಿಗಳೊಳಗೇ ಇರುತ್ತದೆ. ಇದು ನಿಮ್ಮಂಥ ಕೆಲಸಕ್ಕೆ ನನ್ನ ಅಂದಾಜು. ಬೇರೆಯವರು ಬೇರೆ ಥರ ಹಂಚಬಹುದು. ಆದರೆ ಸ್ಕ್ರಿಪ್ಟಿನ ಸಾಲಿನಲ್ಲಿ ಸೊನ್ನೆ ಬರೆದ ಕೊಟೇಶನ್ ನೋಡಿದರೆ ಹುಷಾರಾಗಿರಿ. ಆ ಕೆಲಸ ಕೊನೆಗೆ ನಿಮ್ಮ ಮೇಜಿಗೇ ಬರುತ್ತದೆ.

ಇನ್ನೊಂದು ವಿಷಯ. ಪೀಣ್ಯ, ವೈಟ್‌ಫೀಲ್ಡ್ ಎರಡನ್ನೂ ಒಂದೇ ದಿನ ಮುಗಿಸಿಕೊಡುತ್ತೇವೆ ಅಂತ ಯಾರಾದರೂ ಹೇಳಿದರೆ ನಗುತ್ತಾ ಬೇಡ ಅನ್ನಿ. ಊರಿನ ಆ ತುದಿ, ಈ ತುದಿ. ಮೆಟ್ರೋದಲ್ಲಿ ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ ಹೋಗಿಬಿಡಬಹುದು, ನಿಜ. ಲೈಟು, ಸ್ಟ್ಯಾಂಡು, ಟ್ರಾಲಿ ಹೊತ್ತುಕೊಂಡು ಹೋಗಲಾಗುವುದಿಲ್ಲವಲ್ಲ. ಲೈಟ್ ಬಿಚ್ಚಿ, ಗಾಡಿಗೆ ತುಂಬಿ, ಗೊರಗುಂಟೆಪಾಳ್ಯ, ಹೆಬ್ಬಾಳ ದಾಟಿ, ರಿಂಗ್ ರೋಡ್ ಹಿಡಿದು, ಮತ್ತೆ ಇಳಿಸಿ ಜೋಡಿಸುವ ಹೊತ್ತಿಗೆ ಅರ್ಧ ದಿನ ಹೋಗಿರುತ್ತದೆ. ನೀವು ದುಡ್ಡು ಕೊಡುವುದು ಮಾತ್ರ ಪೂರ್ತಿ ದಿನಕ್ಕೆ. ಒಂದು ದಿನಕ್ಕೆ ಒಂದು ಜಾಗ ಇಟ್ಟುಕೊಳ್ಳಿ. ಡಿಸೈನ್ ಆಫೀಸಿನ ಇಬ್ಬರು ಮಾತಾಡಿದರೆ ಸಾಕು ಅನ್ನುವುದಾದರೆ ಅವರನ್ನೇ ಪೀಣ್ಯಕ್ಕೆ ಕರೆಸಿ. ಒಂದು ದಿನದ ಖರ್ಚೇ ಉಳಿಯುತ್ತದೆ.

ಅದೇ ಸದಸ್ಯರು:
ತುಂಬಾ ಥ್ಯಾಂಕ್ಸ್ ಸರ್. ಕಾರ್ಖಾನೆಯಲ್ಲಿ ನಾವು ಏನು ತಯಾರಿ ಮಾಡಿಕೊಳ್ಳಬೇಕು? ಪ್ರೊಡಕ್ಷನ್‌ನವರು ಕೆಲಸ ನಿಲ್ಲಿಸಲು ಆಗುವುದಿಲ್ಲ ಅಂತಿದ್ದಾರೆ.

ಉತ್ತರ:
ಕೆಲಸ ನಿಲ್ಲಿಸುವುದು ಬೇಡ. ಯಂತ್ರ ಓಡುತ್ತಿದ್ದರೇನೇ ಚೆಂದ. ಆದರೆ ಮಾತಾಡಿಸುವ ಸಂದರ್ಶನಗಳನ್ನು ಶಾಪ್ ಫ್ಲೋರಿನಲ್ಲಿ ಇಡಬೇಡಿ. ಕಂಪ್ರೆಸರ್ ಸದ್ದು ಆಮೇಲೆ ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಒಂದು ಮೂಲೆಯ ರೂಮು ಕೊಡಿ, ಎಸಿ ಆಫ್ ಮಾಡುವ ಅಧಿಕಾರ ಇರುವವರು ಒಬ್ಬರು ಜೊತೆಗಿರಲಿ.

ಎಲ್ಲಕ್ಕಿಂತ ಮುಖ್ಯ ಸುರಕ್ಷತೆ. ಸೇಫ್ಟಿ ಶೂ, ಕನ್ನಡಕ, ಹೆಲ್ಮೆಟ್ ಇಲ್ಲದ ಒಬ್ಬ ಕೆಲಸಗಾರ ಫ್ರೇಮಿನ ಮೂಲೆಯಲ್ಲಿ ಕಂಡರೂ ಗಿರಾಕಿಯ ಕ್ವಾಲಿಟಿ ವಿಭಾಗದವರ ಕಣ್ಣು ಅಲ್ಲಿಗೇ ಹೋಗುತ್ತದೆ. ನಿಮ್ಮ ಸೇಫ್ಟಿ ಆಫೀಸರ್ ಕಾರ್ಖಾನೆಯ ಶೂಟ್ ಮುಗಿಯುವವರೆಗೂ ಮಾನಿಟರ್ ಪಕ್ಕದಲ್ಲೇ ಕೂರಲಿ. ಹಾಗೆಯೇ ಗೋಡೆಯ ಮೇಲೆ, ಕಂಪ್ಯೂಟರ್ ಪರದೆಯಲ್ಲಿ ಗಿರಾಕಿಗಳ ಡ್ರಾಯಿಂಗ್ ಇದ್ದರೆ ತೆಗೆಸಿ. ಗೌಪ್ಯತೆಯ ಒಪ್ಪಂದ ಮಾಡಿಕೊಂಡಿರುತ್ತೀರಿ. ಎಡಿಟ್ ಮುಗಿದ ಮೇಲೆ ಅದು ಕಣ್ಣಿಗೆ ಬಿದ್ದರೆ ಇಡೀ ಶಾಟ್ ಕಿತ್ತು ಹಾಕಬೇಕಾಗುತ್ತದೆ. ಕ್ಯಾಮೆರಾದಲ್ಲಿ ಕಾಣುವ ಸಿಬ್ಬಂದಿಯಿಂದ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ನಾಳೆ ಅವರು ಕೆಲಸ ಬಿಟ್ಟರೂ ವಿಡಿಯೋ ಬಳಸಬಹುದು ಅಂತ ಅದರಲ್ಲಿ ಇರಲಿ.

ಇನ್ನು ಲೈಟ್. ನಮ್ಮ ಕರೆಂಟು 50 ಹರ್ಟ್ಜ್. ಶೆಡ್ಡಿನ ಕೆಲವು ಎಲ್‌ಇಡಿ ದೀಪಗಳು ಕಣ್ಣಿಗೆ ಸರಿಯಾಗೇ ಕಂಡರೂ ಕ್ಯಾಮೆರಾದಲ್ಲಿ ಮಿನುಗುತ್ತವೆ. ಕ್ಯಾಮೆರಾದ ಶಟರ್ ವೇಗವನ್ನು ಸೆಕೆಂಡಿನ 50ನೇ ಒಂದು ಭಾಗಕ್ಕೆ (1/50) ಇಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಸ್ಲೋ ಮೋಷನ್ ತೆಗೆಯುವಾಗ ಮತ್ತೆ ತೊಂದರೆ. ಲೊಕೇಶನ್ ನೋಡಲು ಬಂದ ದಿನವೇ ಕ್ಯಾಮೆರಾ ಹಿಡಿದು ಪರೀಕ್ಷೆ ಮಾಡಿಸಿ.

ಯಾವಾಗ ಶೂಟ್ ಅಂತ ಕೇಳಿದರೆ, ಆಯುಧಪೂಜೆ ಮುಗಿದ ವಾರ ಎಂಬುದು ನನ್ನ ಇಷ್ಟದ ಉತ್ತರ. ವರ್ಷದಲ್ಲಿ ಆಗ ಯಂತ್ರಗಳು ಥಳಥಳ ಹೊಳೆಯುತ್ತಿರುತ್ತವೆ. ಕುಂಕುಮ, ಬಾಳೆಕಂದು ತೆಗೆಸಿದರೆ ಆಯಿತು. ಹೊರಗಿನ ಶಾಟ್‌ಗಳಿದ್ದರೆ ಮಾತ್ರ ಆ ಹೊತ್ತಿನ ಮಳೆಗೆ ಒಂದು ಬದಲಿ ದಿನ ಇಟ್ಟುಕೊಳ್ಳಿ. ಆಪತ್ತಿಗೆ ಎತ್ತಿಟ್ಟ ಆ 34 ಸಾವಿರ ಇರುವುದು ಇಂಥದ್ದಕ್ಕೇ.

ಪ್ರಶ್ನೆ (ಮತ್ತೊಬ್ಬ ಸದಸ್ಯರು):
ನಮ್ಮ ಆಫೀಸು ಮಾರತ್ತಹಳ್ಳಿ ಹತ್ತಿರ. ಡ್ರೋನ್ ಶಾಟ್ ಬೇಕೇ ಬೇಕು ಅಂತಿದ್ದಾರೆ ನಮ್ಮ ಬಾಸ್. ಬೆಳಿಗ್ಗೆ ಬೇಗ ಬಂದು ಸುಮ್ನೆ ಹಾರಿಸಿಬಿಟ್ಟರೆ ಆಗಲ್ವಾ?

ಉತ್ತರ:
ಆಗಲ್ಲ ಸರ್. ಅದೂ ಮಾರತ್ತಹಳ್ಳಿಯಲ್ಲಿ, ಎಚ್‌ಎಎಲ್ ವಿಮಾನ ನಿಲ್ದಾಣದ ಪಕ್ಕದಲ್ಲಿ! 2021ರ ಡ್ರೋನ್ ನಿಯಮಗಳ ಪ್ರಕಾರ ಆಕಾಶವನ್ನು ಹಸಿರು, ಹಳದಿ, ಕೆಂಪು ವಲಯಗಳಾಗಿ ಮಾಡಿದ್ದಾರೆ. ಹಳದಿಯಲ್ಲಿ ವಾಯು ಸಂಚಾರ ನಿಯಂತ್ರಣದವರ ಅನುಮತಿ ಬೇಕು, ಕೆಂಪಿನಲ್ಲಿ ಕೇಂದ್ರ ಸರ್ಕಾರದ್ದು. ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯಲ್ಲಿ ನಿಮ್ಮ ಜಾಗ ಯಾವ ಬಣ್ಣ ಅಂತ ನೋಡಬಹುದು. ಬೆಂಗಳೂರಿನಲ್ಲಿ ಎಚ್‌ಎಎಲ್, ಯಲಹಂಕ ವಾಯುನೆಲೆ, ಜಕ್ಕೂರು, ದೇವನಹಳ್ಳಿ ಅಂತ ನಾಲ್ಕು ಕಡೆ ವಿಮಾನ ಹಾರುತ್ತವೆ. ಹಾಗಾಗಿ ಸುಲಭವಾಗಿ ಹಾರಿಸುವ ಜಾಗ ಕಡಿಮೆ. ಈ ಥರದ ಕೆಲಸಕ್ಕೆ ಬರುವವರ ಹತ್ತಿರ ಡ್ರೋನ್‌ನ ನೋಂದಣಿ ಸಂಖ್ಯೆ, ಪೈಲಟ್ ಸರ್ಟಿಫಿಕೇಟ್ ಎರಡನ್ನೂ ಕೇಳಿ ನೋಡಿ. ನಿಮ್ಮ ಕಟ್ಟಡವನ್ನು ಎದುರಿನ ಎತ್ತರದ ಕಟ್ಟಡದ ಟೆರೇಸಿನಿಂದ ಉದ್ದ ಲೆನ್ಸಿನಲ್ಲಿ ತೆಗೆಸಿದರೆ ಮುಕ್ಕಾಲು ಪಾಲು ಅದೇ ಪರಿಣಾಮ. ಅವರ ಸೆಕ್ಯುರಿಟಿಯವರಿಗೆ ಒಂದು ಪತ್ರ ಕೊಟ್ಟರೆ ಮುಗಿಯಿತು.

ಪ್ರಶ್ನೆ (ಒಂದು ಸ್ಟಾರ್ಟಪ್‌ನಿಂದ):
ನಮ್ಮ ಹತ್ತಿರ ಇರುವುದೇ 50 ಸಾವಿರ. ಫೋನಲ್ಲೇ ಶೂಟ್ ಮಾಡಿ, ಎಐ ಧ್ವನಿ ಹಾಕಿ, ಹಿನ್ನೆಲೆಗೆ ಒಂದು ಸಿನಿಮಾ ಹಾಡಿನ ಟ್ಯೂನ್ ಹಾಕಿದರೆ?

ಉತ್ತರ:
ಫೋನ್ ಪರವಾಗಿಲ್ಲ. ಗಿರಾಕಿಗಳ ಅಭಿಪ್ರಾಯ, ಫೋನ್ ನೆಟ್ಟಗೆ ಹಿಡಿದು ತೆಗೆಯುವ ಸಣ್ಣ ವಿಡಿಯೋಗೆ ಸಾಕು. ಉಳಿಸಿದ ದುಡ್ಡಿನಲ್ಲಿ ಒಂದು ಒಳ್ಳೆಯ ಕಾಲರ್ ಮೈಕ್ ಬಾಡಿಗೆಗೆ ತನ್ನಿ. ಚಿತ್ರ ಸ್ವಲ್ಪ ಮಂಕಾಗಿದ್ದರೆ ಜನ ನೋಡುತ್ತಾರೆ, ಮಾತು ಕೇಳಿಸದಿದ್ದರೆ ಮುಂದಕ್ಕೆ ತಳ್ಳುತ್ತಾರೆ. ಎಐ ಧ್ವನಿಯನ್ನು ನಾನು ಕರಡಿಗೆ ಮಾತ್ರ ಬಳಸುತ್ತೇನೆ, ಉದ್ದ ಎಷ್ಟು ಬರುತ್ತದೆ ಅಂತ ತಿಳಿಯಲು. ಸಿನಿಮಾ ಟ್ಯೂನ್ ಮಾತ್ರ ಖಂಡಿತ ಬೇಡ. ಹಾಡಿನ ಹಕ್ಕುದಾರರ ಅನುಮತಿ ಇಲ್ಲದೆ ಜಾಹೀರಾತಿಗೆ ಹಾಕಿದರೆ ವಿಡಿಯೋ ತೆಗೆಸುತ್ತಾರೆ, ನೋಟಿಸ್ ಕೂಡ ಬರಬಹುದು. ಬೇರೆ ಗಾಯಕರಿಂದ ಹಾಡಿಸಿದರೂ ಟ್ಯೂನ್ ಹಕ್ಕುದಾರರದ್ದೇ. ಸ್ಟಾಕ್ ಸಂಗೀತ (ಲೈಸೆನ್ಸ್ ಸಮೇತ ಮಾರುವ ಸಿದ್ಧ ಸಂಗೀತ) ಕೊಳ್ಳಿ, ಲೈಸೆನ್ಸ್ ನಿಮ್ಮ ಕಂಪನಿ ಹೆಸರಿನಲ್ಲಿರಲಿ, ಜಾಹೀರಾತಿಗೂ ಬಳಸಬಹುದಾ ಅಂತ ಓದಿಕೊಳ್ಳಿ.

ಪ್ರಶ್ನೆ:
ಇಂಗ್ಲಿಷ್ ವಿಡಿಯೋಗೆ ಕನ್ನಡದ್ದೂ ಒಂದು ಬೇಕು ಅಂದರೆ ಜಾಸ್ತಿ ಖರ್ಚಾ?

ಉತ್ತರ:
ಮೊದಲೇ ಹೇಳಿದರೆ ಸ್ವಲ್ಪ, ಕೊನೆಗೆ ಹೇಳಿದರೆ ಜಾಸ್ತಿ. ಶೂಟಿಂಗ್ ದಿನವೇ ಕೆಲಸಗಾರರನ್ನು ಕನ್ನಡದಲ್ಲೇ ಮಾತಾಡಿಸಿ. ಅವರ ಮುಖದಲ್ಲಿ ಬರುವ ಕಳೆಯೇ ಬೇರೆ. ಇಂಗ್ಲಿಷ್ ವಿಡಿಯೋಗೆ ಅದಕ್ಕೆ ಅಡಿಬರಹ ಹಾಕಬಹುದು. ಪರದೆಯ ಮೇಲಿನ ಅಕ್ಷರಗಳನ್ನು ಎಡಿಟರ್‌ಗೆ ಯೂನಿಕೋಡ್‌ನಲ್ಲೇ ಕಳಿಸಿ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಅಂಟಿಸಿದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಬರುತ್ತದೆ. ಒತ್ತಕ್ಷರ ಒಡೆದಿದೆಯಾ ಅಂತ ಕನ್ನಡ ಬಲ್ಲವರೊಬ್ಬರು ಕೊನೆಯ ಫೈಲ್ ನೋಡಲೇಬೇಕು.

ಮೊದಲ ಪ್ರಶ್ನೆ ಕೇಳಿದ ಸದಸ್ಯರು:
ಸರ್, ಎಂಡಿ ಅವರನ್ನು ಕೇಳಿದೆ. ಫೈನಲ್ ಮಾಡುವವರು ಅವರು, ಅವರ ಮಗ, ಸೇಲ್ಸ್ ಹೆಡ್, ಮೂವರಂತೆ! ಕೊಟೇಶನ್‌ನಲ್ಲಿ "ಎರಡು ಸಲ ತಿದ್ದುಪಡಿ ಉಚಿತ" ಅಂತಿದೆ. ಸಾಕಾಗುತ್ತಾ? ಹಣ ಹೇಗೆ ಕೊಡಬೇಕು? ಶೂಟ್ ಮಾಡಿದ ಪೂರ್ತಿ ಫುಟೇಜ್ ನಮಗೆ ಸಿಗುತ್ತಾ?

ಉತ್ತರ:
ಮೂವರಿದ್ದರೆ ಎರಡು ಸಲ ಸಾಕಾಗುವುದು, ಮೂವರೂ ಒಂದೇ ಕೋಣೆಯಲ್ಲಿ ಕೂತು ನೋಡಿದರೆ ಮಾತ್ರ. ಸ್ಕ್ರಿಪ್ಟನ್ನು ಶೂಟಿಂಗ್‌ಗೆ ಒಂದು ವಾರ ಮೊದಲು ಮೂವರ ಮುಂದೆ ಗಟ್ಟಿಯಾಗಿ, ಗಡಿಯಾರ ಇಟ್ಟುಕೊಂಡು ಓದಿಸಿ. ನಾಲ್ಕೂವರೆ ನಿಮಿಷ ಬಂದರೆ ಅಲ್ಲೇ ಕತ್ತರಿಸಿ. ಕಾಗದದ ಮೇಲೆ ಕತ್ತರಿಸುವುದಕ್ಕೆ ದುಡ್ಡಿಲ್ಲ. ಒಪ್ಪಿದ್ದಕ್ಕೆ ಸಹಿ ಹಾಕಿಸಿಕೊಳ್ಳಿ, ಇಮೇಲ್ ಆದರೂ ಸರಿ. ಮೊದಲ ಕಟ್ (ಎಡಿಟ್ ಆದ ಮೊದಲ ಪ್ರತಿ) ಬಂದಾಗ ಮೂವರ ಅಭಿಪ್ರಾಯ ನೀವೇ ಒಟ್ಟುಗೂಡಿಸಿ, ಯಾವ ಸೆಕೆಂಡಿನಲ್ಲಿ ಏನು ಅಂತ ಬರೆದು, ಒಂದೇ ಪಟ್ಟಿಯಾಗಿ ಕಳಿಸಿ. ವಾಟ್ಸಾಪ್‌ನಲ್ಲಿ ಒಬ್ಬೊಬ್ಬರು ಒಂದೊಂದು ವಾಯ್ಸ್ ನೋಟ್ ಹಾಕಿದರೆ ಪ್ರತಿಯೊಂದನ್ನೂ ವಿಡಿಯೋ ತಂಡದವರು ಒಂದು ತಿದ್ದುಪಡಿ ಅಂತ ಎಣಿಸುತ್ತಾರೆ. ಹಾಗೆ ಎಣಿಸುವುದೂ ಸರಿಯೇ. ಹಿನ್ನೆಲೆ ಧ್ವನಿ ರೆಕಾರ್ಡ್ ಆದ ಮೇಲೆ ಒಂದು ಸಾಲು ಬದಲಾದರೂ ಕಲಾವಿದರನ್ನು ಮತ್ತೆ ಕರೆಸಬೇಕು. ಅದಕ್ಕೆ ಬೇರೆ ಬಿಲ್.

ಹಣ: ಒಪ್ಪಂದದ ದಿನ ಶೇ. 40, ಶೂಟ್ ಮುಗಿದ ದಿನ ಶೇ. 30, ಕೊನೆಯ ಫೈಲ್ ಬಂದಾಗ ಉಳಿದದ್ದು. ವಿಡಿಯೋ ತಂಡ ಎಂಎಸ್‌ಎಂಇ (ಅತಿ ಸಣ್ಣ, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆಯಡಿ ಸಣ್ಣ ಅಥವಾ ಅತಿ ಸಣ್ಣ ಉದ್ಯಮವಾಗಿ ನೋಂದಣಿಯಾಗಿದ್ದರೆ, 2006ರ ಕಾಯ್ದೆಯಂತೆ ಒಪ್ಪಂದವಿದ್ದರೂ ಹೆಚ್ಚೆಂದರೆ 45 ದಿನದೊಳಗೆ ಕೊಡಬೇಕು. ಬರಹದ ಒಪ್ಪಂದ ಇಲ್ಲದಿದ್ದರೆ 15 ದಿನ. "ನಮ್ಮಲ್ಲಿ 90 ದಿನದ ಪಾಲಿಸಿ" ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ.

ಫುಟೇಜ್: 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ, ದುಡ್ಡು ಕೊಟ್ಟು ಮಾಡಿಸಿದ ಫಿಲ್ಮಿಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಮಾಡಿಸಿದವರೇ ಮೊದಲ ಒಡೆಯರು. ಆದರೆ ಕಚ್ಚಾ ಫುಟೇಜ್, ಗ್ರಾಫಿಕ್ಸ್‌ನ ಮೂಲ ಫೈಲ್‌ಗಳನ್ನು ಕೈಗೆ ಕೊಡಬೇಕಾ, ವಿಡಿಯೋ ತಂಡದವರು ಅವನ್ನು ಎಷ್ಟು ತಿಂಗಳು ಇಟ್ಟುಕೊಂಡಿರಬೇಕು ಅನ್ನುವುದರಲ್ಲೇ ತಕರಾರು ಹುಟ್ಟುವುದು. ಅದನ್ನು ಒಪ್ಪಂದದಲ್ಲಿ ಒಂದು ಸಾಲಾಗಿ ಬರೆಸಿ. ಎರಡು ಹಾರ್ಡ್ ಡಿಸ್ಕ್ ನೀವೇ ಕೊಡಿಸಿ. ಒಂದು ನಿಮ್ಮ ಐಟಿ ವಿಭಾಗದಲ್ಲಿರಲಿ, ಇನ್ನೊಂದು ವೈಟ್‌ಫೀಲ್ಡ್ ಆಫೀಸಿನಲ್ಲಿ.